ಕಟ್ಟಿ ಕೊಡಿ

ಅಮ್ಮನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಒಂದು ಸ್ಟಾರ್ ಹೋಟೆಲೇ ನಮ್ಮ ಮನೆ ಬಾಗಿಲಿಗೆ ಬಂತು. ನಾವು ಅದರ ಬಾಗಿಲಿಗೆ ಹೋಗುವಂತಿರಲಿಲ್ಲ. ಅದು 2021ರ ಮೇ ತಿಂಗಳು. ಕೊರೋನಾದ ದೆಸೆಯಿಂದ ಬೆಂಗಳೂರು ಏಪ್ರಿಲ್ ಕೊನೆಯಿಂದ ಎರಡನೇ ಸಲ ಬಾಗಿಲು ಹಾಕಿಕೊಂಡಿತ್ತು. ಹೋಟೆಲಿನಲ್ಲಿ ಕೂತು ತಿನ್ನುವ ಹಾಗಿಲ್ಲ, ಕಟ್ಟಿಸಿಕೊಂಡು ಹೋಗಬಹುದು ಎಂದು ಸರ್ಕಾರದ ಅಪ್ಪಣೆಯಾಗಿತ್ತು. ಷಿಕಾಗೊದಲ್ಲಿರುವ ತಂಗಿ ಅಲ್ಲಿ ಕೂತೇ ಫೋನಿನ ಮೇಲೆ ಬೆರಳಾಡಿಸಿ, ಗಿರಿನಗರದ ನಮ್ಮ ಮನೆಗೆ ಊಟ ಕಳಿಸಿದ್ದಳು.

ಗೇಟಿನ ಹತ್ತಿರ ಬೈಕು ನಿಲ್ಲಿಸಿದ ಹುಡುಗ ಬೆನ್ನ ಮೇಲಿನ ಚೌಕದ ಚೀಲ ಇಳಿಸಿ, ಅದರೊಳಗಿಂದ ಚಿನ್ನದ ಬಣ್ಣದ ಹುರಿಯ ಹಿಡಿಕೆಯಿದ್ದ ನಾಲ್ಕು ದಪ್ಪ ಕಾಗದದ ಚೀಲಗಳನ್ನು ತೆಗೆದು ಕಾಂಪೌಂಡಿನ ಮೇಲೆ ಸಾಲಾಗಿಟ್ಟ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ನೈವೇದ್ಯ ಇಟ್ಟವನ ಹಾಗೆ ನಿಂತ. ಅಮ್ಮ ಬಾಗಿಲಿನಿಂದಲೇ ನೋಡಿದಳು.

"ಏನೋ ಇದು, ಬೀಗರ ಮನೆಯಿಂದ ತಟ್ಟೆ ಬಂದ ಹಾಗಿದೆಯಲ್ಲೋ!"

ಅಷ್ಟರಲ್ಲಿ ತಂಗಿಯ ವಿಡಿಯೋ ಕಾಲ್. ಅಲ್ಲಿ ಬೆಳಗಿನ ಜಾವ. "ಪಾರ್ಸೆಲ್ ಬಂತು ಕಣೇ" ಎಂದು ಅಮ್ಮ ಕೂಗಿ ಹೇಳಿದಳು. ಅಮೆರಿಕ ದೂರ ಇರುವುದರಿಂದ ಅವಳು ಯಾವಾಗಲೂ ಕೂಗಿಯೇ ಮಾತಾಡುವುದು.

"ಪಾರ್ಸೆಲ್ ಅನ್ಬೇಡಮ್ಮ. ಅದು ಫೈನ್ ಡೈನಿಂಗ್. ಅದೊಂದು ಎಕ್ಸ್‌ಪೀರಿಯೆನ್ಸ್."

"ಏನೋ ಒಂದು. ಕಟ್ಟಿ ಕಳಿಸಿದ್ದು ತಾನೆ?"

ತಂಗಿ ಉತ್ತರ ಕೊಡಲಿಲ್ಲ. ಕೊಡಲು ಏನೂ ಇರಲಿಲ್ಲ.

ಅಂಚೆ ಕಚೇರಿಯವರಿಗೆ ಪಾರ್ಸೆಲ್ ಎಂದರೆ ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತಿದ ಗಂಟು ಇರಬಹುದು. ನಮಗೆ ಅದು ತಿಂಡಿ. ಕರ್ನಾಟಕದ ಯಾವ ಊರಿನ ಯಾವ ಗಲ್ಲಾದ ಮುಂದೆ ನಿಂತರೂ ಮೊದಲು ಕೇಳುವ ಪ್ರಶ್ನೆ "ಇಲ್ಲೇನಾ, ಪಾರ್ಸೆಲ್ಲಾ?" ಎಂಬುದೇ. ಪದ ಹೊರಗಿನದಾದರೂ ಕ್ರಿಯಾಪದವನ್ನು ನಾವು ಬಿಟ್ಟುಕೊಟ್ಟಿಲ್ಲ. ದೋಸೆಯನ್ನು 'ಪ್ಯಾಕ್' ಮಾಡಿಸುವವರು ಈಚಿನವರು. ನಮ್ಮ ಕಾಲದವರು 'ಕಟ್ಟಿಸುತ್ತಿದ್ದರು'. ಮನೆ ಕಟ್ಟಿಸುವ ಹಾಗೆ. ಕಟ್ಟುವುದು ನಮ್ಮಲ್ಲಿ ಸಣ್ಣ ಕೆಲಸವಲ್ಲ: ತಾಳಿ ಕಟ್ಟುತ್ತೇವೆ, ತೋರಣ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ. ಬುತ್ತಿ ಮನೆಯಿಂದ ಹೊರಟು ಹೊರಗಿರುವವನ ಹತ್ತಿರ ಹೋಗುತ್ತದೆ. ಪಾರ್ಸೆಲ್ ಹೊರಗಿನಿಂದ ಹೊರಟು ಮನೆಯಲ್ಲಿ ಉಳಿದವರ ಹತ್ತಿರ ಬರುತ್ತದೆ. ಮನೆಯಲ್ಲಿ ಉಳಿದವರು ಯಾರು ಎಂಬುದರ ಮೇಲೆ ಅದರ ರುಚಿ ನಿಂತಿದೆ ಅಂತ ನನ್ನ ಅನಿಸಿಕೆ.

ಎಪ್ಪತ್ತರ ದಶಕದ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಉಳಿದವರೆಂದರೆ ಅಜ್ಜಿ, ಅಮ್ಮ, ತಂಗಿ ಮತ್ತು ನಾನು. ಹೊರಗೆ ಹೋಗುವವರು ಅಪ್ಪ ಒಬ್ಬರೇ. ತಿಂಗಳ ಮೊದಲನೇ ತಾರೀಕು, ಸಂಬಳ ಕೈಗೆ ಬಂದ ಸಾಯಂಕಾಲ, ಮಸಾಲೆ ದೋಸೆ ಕಟ್ಟಿಸಿಕೊಂಡು ಬರುವುದು ಅವರ ವ್ರತ. ಐದನೇ ಕ್ಲಾಸಿಗೆ ಬಂದ ಮೇಲೆ ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋದರು. ಆ ಉಡುಪಿ ಹೋಟೆಲಿನ ಗಲ್ಲಾದ ಪಕ್ಕ, ತಗಡು ಹೊಡೆದ ಮೇಜಿನ ಹಿಂದೆ, ಪಾರ್ಸೆಲ್ ಕಟ್ಟಲೆಂದೇ ಒಬ್ಬ ಮನುಷ್ಯನಿದ್ದ. ದೋಸೆ ಹುಯ್ಯುವ ಭಟ್ಟರಿಗಿಂತ ಇವನನ್ನೇ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವನ ಎಡಕ್ಕೆ ಹಳೆಯ ಪೇಪರಿನ ಹಾಳೆಗಳ ಅಟ್ಟಿ, ಬಲಕ್ಕೆ ನೀರು ಚಿಮುಕಿಸಿದ ಬಾಳೆಎಲೆಯ ತುಂಡುಗಳು, ತಲೆಯ ಮೇಲೆ ಸೂರಿಗೆ ಕಟ್ಟಿದ ತಂತಿಬುಟ್ಟಿಯಲ್ಲಿ ದಾರದ ಉಂಡೆ. ಪೇಪರ್ ಹಾಸಿ, ಅದರ ಮೇಲೆ ಎಲೆ ಹಾಸಿ, ಕಾವಲಿಯಿಂದ ಬಂದ ದೋಸೆಯನ್ನು ಇನ್ನೊಂದು ಮಡಿಕೆ ಮಡಚಿ ಇಡುತ್ತಿದ್ದ. ಚಟ್ನಿಗೆ ಬೇರೆ ಚಿಕ್ಕ ಎಲೆ. ನಾಲ್ಕು ಕಡೆಯಿಂದ ಮಡಚಿ ಪೊಟ್ಟಣ ಮಾಡಿ, ಕಣ್ಣೆತ್ತದೆ ಕೈ ಮಾತ್ರ ಎತ್ತಿ ಮೇಲಿನಿಂದ ದಾರ ಎಳೆದು, ಅಡ್ಡ ಎರಡು ಸುತ್ತು, ಉದ್ದ ಎರಡು ಸುತ್ತು ಹಾಕಿ, ತೋರುಬೆರಳಿಗೆ ಒಂದು ತಿರುವು ಕೊಟ್ಟು ಜಗ್ಗಿದರೆ ಟಪ್ ಎಂದು ದಾರ ಕಿತ್ತು ಬರುತ್ತಿತ್ತು. ಕತ್ತರಿಯಿಲ್ಲ, ಹಲ್ಲಿಲ್ಲ. ಮನೆಗೆ ಬಂದು ನಾನೂ ತಂಗಿಯೂ ಅದನ್ನು ಮಾಡಲು ಹೋಗಿ ಬೆರಳು ಕೊಯ್ದುಕೊಂಡಿದ್ದೇವೆ.

ಸಾಂಬಾರಿಗೆ ಮನೆಯಿಂದಲೇ ಡಬ್ಬಿ ಒಯ್ಯಬೇಕು. ಕಾಫಿಗೆ ಕೂಜ. ಪ್ಲಾಸ್ಟಿಕ್ ಚೀಲದಲ್ಲಿ ಸಾಂಬಾರ್ ತುಂಬಿ, ಗಾಳಿ ಸೇರಿಸಿ ಉಬ್ಬಿಸಿ, ಕತ್ತಿನಲ್ಲಿ ದಾರ ಬಿಗಿದು ಕೊಡುವ ಕಲೆ ಆಮೇಲೆ ಬಂತು. ಅದನ್ನು ಕಟ್ಟುವವನಿಗೆ ಎರಡು ಸೆಕೆಂಡು, ಬಿಚ್ಚುವವನಿಗೆ ಹತ್ತು ನಿಮಿಷ. ದಾರದ ತುದಿ ಎಲ್ಲಿದೆ ಎಂದು ಇವತ್ತಿಗೂ ನನಗೆ ಸಿಕ್ಕಿದ್ದಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ, ಅರ್ಧ ಪಾತ್ರೆಗೆ, ಅರ್ಧ ಅಂಗಿಗೆ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದಾಗ ಪರಿಸರದವರ ಜತೆ ನನ್ನ ಅಂಗಿಗಳೂ ಸಂತೋಷಪಟ್ಟವು. ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ.

ಅಪ್ಪ ಸಾವಧಾನದ ಮನುಷ್ಯ. ಬಸ್ಸು ಹೊರಟರೂ ಓಡಿದವರಲ್ಲ. ಕೈಯಲ್ಲಿ ಮಸಾಲೆ ದೋಸೆಯ ಪೊಟ್ಟಣವಿದ್ದಾಗ ಮಾತ್ರ ಪಂಚೆ ಎತ್ತಿ ಕಟ್ಟಿ ದಾಪುಗಾಲು ಹಾಕುತ್ತಿದ್ದರು. ದಾರಿಯಲ್ಲಿ ಸಿಕ್ಕ ಪರಿಚಿತರಿಗೆ ತಲೆಯಾಡಿಸಿದರೆ ಹೆಚ್ಚು. ಆ ಅವಸರದ ಹಿಂದೆ ಭೌತಶಾಸ್ತ್ರವಿತ್ತೆಂದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ದೋಸೆಯ ಗರಿ ಎಂದರೆ ನೀರು ಪೂರ್ತಿ ಹಾರಿಹೋದ ಒಂದು ತೆಳು ಪದರ. ಬಿಸಿಯಾಗಿ ಕಟ್ಟಿದ ಕೂಡಲೆ ಒಳಗಿನ ಪಲ್ಯದಿಂದಲೂ ದೋಸೆಯ ಮೆತ್ತನೆಯ ಭಾಗದಿಂದಲೂ ಹಬೆ ಏಳುತ್ತದೆ, ಹೋಗಲು ದಾರಿಯಿಲ್ಲದೆ ಎಲೆಗೆ ಬಡಿದು ಹನಿಯಾಗುತ್ತದೆ, ಆ ಹನಿಯನ್ನು ಗರಿ ಕುಡಿದುಬಿಡುತ್ತದೆ. ಆರಿದಷ್ಟೂ ಅಕ್ಕಿಯ ಪಿಷ್ಟ ಬಿಗಿಯುತ್ತಾ ಹೋಗಿ ದೋಸೆ ಚಪ್ಪಲಿಯ ಕಡೆಗೆ ಸಾಗುತ್ತದೆ. ಇಡ್ಲಿಗೆ ಈ ದುಃಖವಿಲ್ಲ. ಅದು ಹುಟ್ಟಿದ್ದೇ ಹಬೆಯಲ್ಲಿ, ಕಳೆದುಕೊಳ್ಳಲು ಗರಿಯೇ ಇಲ್ಲ. ಮದ್ದೂರು ವಡೆಗೂ ಇಲ್ಲ. ಒಳಗೂ ಹೊರಗೂ ಒಣಗಿದ ಜೀವ ಅದು, ರೈಲಿನ ಕಿಟಕಿಯಲ್ಲಿ ಕೊಂಡು ಮೈಸೂರಿನ ನೆಂಟರ ಮನೆಯಲ್ಲಿ ಬಿಚ್ಚಿದರೂ ಹಾಗೇ ಇರುತ್ತದೆ. ದೋಸೆಯದು ಮಾತ್ರ ಅಲ್ಪಾಯುಷ್ಯ. ಬಾಳೆಎಲೆ ಅದರ ಗರಿಯನ್ನು ಕಸಿದುಕೊಂಡು ಬದಲಿಗೆ ತನ್ನ ವಾಸನೆ ಕೊಡುತ್ತದೆ. ಬಿಸಿ ತಾಗಿ ಕಂದಿದ ಎಲೆ, ತುಪ್ಪ, ಪೇಪರಿನ ಮಸಿ ಸೇರಿದ ಆ ಪರಿಮಳಕ್ಕೆ ಹೆಸರಿಲ್ಲ. ಹೋಟೆಲಿನಲ್ಲಿ ಕೂತು ತಿಂದರೆ ಅದು ಸಿಗುವುದೂ ಇಲ್ಲ.

ಅಮ್ಮನಿಗೆ ಗೊತ್ತಿದ್ದ ಹೋಟೆಲು ಅದೊಂದೇ, ಎಲೆಯಲ್ಲಿ ಮೆತ್ತಗಾಗಿ ಬರುವ ಹೋಟೆಲು. ಗಂಡಸರು ಬೆಂಚಿನ ಮೇಲೆ ಕೂತು ತಿನ್ನುವ ಕಡೆ ಮನೆಯ ಹೆಂಗಸು ಹೋಗಿ ಕೂರುವುದು ಆಗಿನ ನಮ್ಮ ಕೇರಿಯಲ್ಲಿ ಸುಲಭವಿರಲಿಲ್ಲ. 'ಫ್ಯಾಮಿಲಿ ರೂಮ್' ಎಂಬ ಬೋರ್ಡು ಹಾಕಿ, ಅರ್ಧ ಬಾಗಿಲೋ ಪರದೆಯೋ ಇಟ್ಟು, ಒಳಗೆ ನಾಲ್ಕು ಕುರ್ಚಿ ಹಾಕಿದ ಹೋಟೆಲುಗಳಿದ್ದವು. ಅಲ್ಲಿಗೂ ಅಮ್ಮ ಹೋದದ್ದು ಮದುವೆಯಾದ ಹೊಸದರಲ್ಲಿ ಒಂದೇ ಸಲ. "ಪರದೆ ಆಚೆ ಯಾರೋ ಕಾಲು ಅಲ್ಲಾಡಿಸ್ತಾ ಕೂತಿದ್ರು, ಆ ಕಾಲು ನೋಡ್ಕೊಂಡೇ ಕಾಫಿ ಕುಡಿದೆ" ಎಂದು ಆ ಅನುಭವವನ್ನು ವರ್ಣಿಸುತ್ತಾಳೆ. ದೋಸೆ ಕಾವಲಿಯ ಮೇಲೆ ಚುಂಯ್ ಅನ್ನುವುದನ್ನು ಅವಳು ಮನೆಯಲ್ಲಿ ಎಷ್ಟು ಸಾವಿರ ಸಲ ಕೇಳಿದ್ದಳೋ. ತನಗಾಗಿ ಇನ್ನೊಬ್ಬರು ಹುಯ್ದ ದೋಸೆಯ ಚುಂಯ್ ಕೇಳಿರಲಿಲ್ಲ.

ಅಜ್ಜಿಯ ಕತೆ ಬೇರೆ. ಅವರು ಮಡಿ. ಹೋಟೆಲಿನ ತಿಂಡಿ ಮುಟ್ಟುವುದಿರಲಿ, ಪೊಟ್ಟಣ ಅಡುಗೆಮನೆಯ ಹೊಸ್ತಿಲು ದಾಟಕೂಡದು. ನಡುಮನೆಯಲ್ಲಿ ನಾವು ಬಿಚ್ಚುವಾಗ ಕಂಬಕ್ಕೆ ಒರಗಿ ಕೂತು, ಮುಖ ಆ ಕಡೆ ತಿರುಗಿಸಿಕೊಂಡು, "ಚಟ್ನಿಗೆ ಬೆಳ್ಳುಳ್ಳಿ ಹಾಕಿದಾನೇನೋ, ವಾಸನೆ" ಎನ್ನುತ್ತಿದ್ದರು. ಅಮ್ಮ ತನ್ನ ಪಾಲಿನಲ್ಲಿ ಕಾಲು ಭಾಗ ಮುರಿದು ಎಲೆಯಲ್ಲಿ ಮುಚ್ಚಿ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಇಡುತ್ತಿದ್ದಳು. ಬೆಳಗ್ಗೆ ನೋಡಿದರೆ ಎಲೆ ಖಾಲಿ. ಯಾರು ತಿಂದರು ಎಂದು ಕೇಳಿದರೆ "ಬೆಕ್ಕು" ಅನ್ನುತ್ತಿದ್ದಳು. ತುಂಬ ಆಚಾರವಂತ ಬೆಕ್ಕು ಅದು. ದೋಸೆ ತಿಂದು, ಚಟ್ನಿ ಒರೆಸಿ, ಈರುಳ್ಳಿ ಹಾಕಿದ ಪಲ್ಯವನ್ನು ಮಾತ್ರ ಎಲೆಯ ಒಂದು ಮೂಲೆಗೆ ಅಚ್ಚುಕಟ್ಟಾಗಿ ಸರಿಸಿಟ್ಟು ಹೋಗುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಆ ಬೆಕ್ಕು ಬರಲಿಲ್ಲ.

ಅಜ್ಜಿಯ ಕಾಲದಲ್ಲಿ ತಿಂಡಿಗಿಂತ ಮೊದಲು ವಿಚಾರಿಸುತ್ತಿದ್ದದ್ದು ಅದನ್ನು ಮಾಡಿದವನ ಜಾತಿಯನ್ನು. ಹೋಟೆಲುಗಳು ತಮ್ಮ ಹೆಸರಿನಲ್ಲೇ ಆ ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳುತ್ತಿದ್ದವು. ಇವತ್ತಿನ ಎಂಟಿಆರ್ 1924ರಲ್ಲಿ ಶುರುವಾದದ್ದು 'ಬ್ರಾಹ್ಮಣರ ಕಾಫಿ ಕ್ಲಬ್' ಎಂಬ ಹೆಸರಿನಲ್ಲಿ. ಉಡುಪಿ ಸೀಮೆಯಿಂದ ಬಂದ ಮಯ್ಯ ಸೋದರರು ಲಾಲ್‌ಬಾಗ್ ಹತ್ತಿರ ತೆರೆದ ಹೋಟೆಲು ಅದು. 'ಮಾವಳ್ಳಿ ಟಿಫನ್ ರೂಮ್ಸ್' ಎಂದು ಊರಿನವರೆಲ್ಲರ ಹೆಸರಾದದ್ದು 1960ರಲ್ಲಿ. ಈಗ ನಮ್ಮ ಫೋನಿನಲ್ಲಿ ಆರ್ಡರ್ ಮಾಡಿದ ಊಟವನ್ನು ಎಲ್ಲೋ ಒಂದು ಷೆಡ್ಡಿನ 'ಕ್ಲೌಡ್ ಕಿಚನ್'ನಲ್ಲಿ ಯಾರೋ ಮಾಡುತ್ತಾರೆ, ಯಾರೋ ತರುತ್ತಾರೆ. ಕೇಳುವುದು 'ಎಷ್ಟು ನಿಮಿಷ?' ಅಂತ ಮಾತ್ರ. ಈ ಒಂದು ವಿಷಯದಲ್ಲಿ ಕಾಲ ಕೆಟ್ಟಿದೆ ಎಂದು ನಾನು ಹೇಳಲಾರೆ.

ಎಂಟಿಆರ್ ಮಾತು ಬಂತಲ್ಲ, ಹೋಟೆಲು ಮನೆಗೆ ಬಂದ ಕತೆಯಲ್ಲಿ ಅದರದು ದೊಡ್ಡ ಅಧ್ಯಾಯ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಮುಂದೆ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲು ತಿಂಡಿಗೆ ಬೆಲೆ ಕಟ್ಟಿತು. ಆ ಬೆಲೆಗೆ ತುಪ್ಪದ ದೋಸೆ ಕೊಟ್ಟರೆ ನಷ್ಟ, ತುಪ್ಪ ಕಡಿಮೆ ಮಾಡಿದರೆ ಮಾನ ನಷ್ಟ. ಹೋಟೆಲಿನ ಬಾಗಿಲು ಮುಚ್ಚಿ, ರವೆ ಇಡ್ಲಿಯ ಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಿದರು. ಊಟಕ್ಕೆ ಕೂರಿಸುವ ಹಾಗಿಲ್ಲದಾಗ ಊಟವನ್ನೇ ಮನೆಗೆ ಕಳಿಸುವ ಉಪಾಯ ಬೆಂಗಳೂರಿಗೆ 2020ರಲ್ಲಿ ಹೊಸದೇನೂ ಆಗಿರಲಿಲ್ಲ. ಆ ಪೊಟ್ಟಣದ ವ್ಯಾಪಾರ ಹೋಟೆಲನ್ನೂ ಮೀರಿಸಿ ಬೆಳೆದು, 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು. ತಂಗಿ ಷಿಕಾಗೊದ ಇಂಡಿಯನ್ ಅಂಗಡಿಯಲ್ಲಿ ಕೊಳ್ಳುವ ಬಿಸಿಬೇಳೆಬಾತ್ ಇನ್ನೊಂದು ಹೆಜ್ಜೆ ಮುಂದಿನದು. ಮಾಡಿದ ಅಡುಗೆಯನ್ನೇ ಪದರ ಪದರದ ಚೀಲದಲ್ಲಿ ತುಂಬಿ, ಬಾಯಿ ಬೆಸೆದು, ಚೀಲದ ಸಮೇತ ಒತ್ತಡದಲ್ಲಿ ಮತ್ತೆ ಬೇಯಿಸುವ ಕ್ರಮ. ಇಂಥ ಚೀಲಗಳ ಕೆಲಸವನ್ನು ನಮ್ಮ ದೇಶದಲ್ಲಿ ಸೈನಿಕರಿಗಾಗಿ ಮಾಡಿದವರಲ್ಲಿ ಮುಖ್ಯರು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು, 1961ರಿಂದ ಇರುವ ಸಂಸ್ಥೆ. ಗಡಿಯಲ್ಲಿ ನಿಂತವನೂ ಷಿಕಾಗೊದ ಹಿಮದಲ್ಲಿ ಕೂತವಳೂ ಒಂದೇ ಉಪಾಯದಿಂದ ಊಟ ಮಾಡುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ತಮಾಷೆ ಇದೆ. ಮೊದಲು ಜನ ಹೋಟೆಲಿಗೆ ಹೋಗಿ ಕೂತರು, ಆಮೇಲೆ ಸೋಮಾರಿಗಳಾಗಿ ಮನೆಗೆ ತರಿಸಿಕೊಂಡರು ಎಂದು ನಾವು ತಿಳಿದಿದ್ದೇವೆ. ಪ್ಯಾರಿಸ್ಸಿನಲ್ಲಿ ಆದದ್ದು ತಲೆಕೆಳಗು. ಅಲ್ಲಿ 'ರೆಸ್ಟೋರೆಂಟ್' ಎಂಬುದು ಮೊದಲು ಒಂದು ಜಾಗದ ಹೆಸರಲ್ಲ, ಒಂದು ಕಷಾಯದ ಹೆಸರು. ಮಾಂಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ, ನಿತ್ರಾಣರಾದವರಿಗೆ ತ್ರಾಣ ಕೊಡುವ ಸಾರು ಅದು. 1760ರ ದಶಕದಲ್ಲಿ ಅದನ್ನು ಕೂರಿಸಿ ಕುಡಿಸುವ ಕೋಣೆಗಳು ಹುಟ್ಟಿ, ಸಾರಿನ ಹೆಸರು ಕೋಣೆಗೆ ಅಂಟಿಕೊಂಡಿತು. ಅದಕ್ಕೂ ಬಹಳ ಮುಂಚೆಯೇ 'ತ್ರೆತ್ಯೂರ್' ಎಂಬ ಅಡುಗೆಯವರು ಅಲ್ಲಿದ್ದರು. ಹಬ್ಬದೂಟವನ್ನು ಮಾಡಿ ಗಿರಾಕಿಯ ಮನೆಗೆ ಮುಟ್ಟಿಸುವುದು ಅವರ ಕಸುಬು. ಚೀನಾದಲ್ಲಿ ಈ ರೂಢಿ ಇನ್ನೂ ಹಳೆಯದು. ಕೈಫೆಂಗ್ ನಗರ 1127ರಲ್ಲಿ ಶತ್ರುಗಳ ಪಾಲಾದಾಗ ದಕ್ಷಿಣಕ್ಕೆ ಓಡಿಬಂದ ಮೆಂಗ್ ಯುವಾನ್‌ಲಾವ್ ಎಂಬವನು, ಇಪ್ಪತ್ತು ವರ್ಷ ಕಳೆದ ಮೇಲೆ ತನ್ನ ಊರನ್ನು ನೆನೆದು ಒಂದು ಪುಸ್ತಕ ಬರೆದ. ಅದರಲ್ಲಿ ಅರಮನೆಯ ಜತೆ ತಿಂಡಿಯಂಗಡಿಗಳೂ ಇವೆ. ಪೇಟೆಯ ವ್ಯಾಪಾರಸ್ಥರು ಮನೆಯಲ್ಲಿ ತರಕಾರಿಯನ್ನೇ ತಂದಿಟ್ಟುಕೊಳ್ಳದೆ, ಹೊತ್ತು ಹೊತ್ತಿಗೆ ಅಂಗಡಿಯಿಂದಲೇ ತರಿಸಿ ಉಣ್ಣುತ್ತಿದ್ದರಂತೆ. ಕಳೆದುಕೊಂಡ ಊರನ್ನು ನೆನೆಯುವವನು ತಿಂಡಿಯಂಗಡಿಯನ್ನೂ ನೆನೆಯುವುದರಲ್ಲಿ ಆಶ್ಚರ್ಯವೇನಿಲ್ಲ. ಚಾಮರಾಜಪೇಟೆ ಬಿಟ್ಟು ಬಂದವನು ನಾನು ಮಾಡುತ್ತಿರುವುದೂ ಅದನ್ನೇ.

ಗಿರಿನಗರದ ಊಟದ ಮೇಜಿಗೆ ಹಿಂದಿರುಗೋಣ. ಚೀಲಗಳಿಂದ ಹೊರಬಂದ ಕಪ್ಪು ಡಬ್ಬಿಗಳು ಹದಿನಾರು. ಜತೆಗೆ ಮದುವೆಯ ಕರೆಯೋಲೆಯಷ್ಟು ದಪ್ಪದ ಒಂದು ಕಾರ್ಡು. ಯಾವ ಡಬ್ಬಿಯನ್ನು ಯಾವ ಉಷ್ಣತೆಯಲ್ಲಿ ಎಷ್ಟು ನಿಮಿಷ ಬಿಸಿಮಾಡಬೇಕು, ಯಾವುದರ ಮೇಲೆ ಯಾವ ಸೊಪ್ಪು ಉದುರಿಸಬೇಕು, ಉಣ್ಣುವಾಗ ಯಾವ ಸಂಗೀತ ಕೇಳಬೇಕು ಎಲ್ಲ ಅದರಲ್ಲಿತ್ತು. ಸಂಗೀತಕ್ಕೆ ಫೋನಿನಲ್ಲಿ ಸ್ಕ್ಯಾನ್ ಮಾಡುವ ಒಂದು ಚೌಕ. ಮಗಳು ಸ್ಕ್ಯಾನ್ ಮಾಡಿದಳು, ಸಿತಾರ್ ಬಂತು. ನನ್ನ ಹೆಂಡತಿ ಕಾರ್ಡು ಓದಿ "ಇಷ್ಟೆಲ್ಲ ನಾವೇ ಮಾಡೋದಾದ್ರೆ ಅನ್ನ ಸಾರು ಮಾಡ್ಕೊಬಹುದಿತ್ತು" ಅಂದಳು. ತಂಗಿ ಅತ್ತ ಕಡೆಯಿಂದ, ಅಡುಗೆಯನ್ನು ಬಿಳಿ ತಟ್ಟೆಯ ನಡುವೆ ಇಷ್ಟಿಷ್ಟೇ ಇಡಬೇಕು, ಅಂಚು ಒರೆಸಬೇಕು ಎಂದು ಸೂಚನೆ ಕೊಡುತ್ತಿದ್ದಳು.

ನಾವು ಮಾತಾಡುತ್ತಿದ್ದಂತೆ ಅಮ್ಮ ಎದ್ದು ಅಡುಗೆಮನೆಗೆ ಹೋಗಿ ತನ್ನ ಸ್ಟೀಲ್ ಪಾತ್ರೆಗಳನ್ನು ತಂದು ಹದಿನಾರು ಡಬ್ಬಿಗಳನ್ನೂ ಬಗ್ಗಿಸಿಯಾಗಿತ್ತು. ಹೊರಗಿನಿಂದ ಬಂದದ್ದು ಮೊದಲು ಮನೆಯ ಪಾತ್ರೆಗೆ ಬರಬೇಕು, ಆಮೇಲೆ ಎಲೆಗೆ. ಅದು ಅವಳ ಲೆಕ್ಕದಲ್ಲಿ ಶುದ್ಧೀಕರಣವೋ, ಸ್ವಾಗತವೋ, ಕೇಳಲು ಧೈರ್ಯವಾಗಲಿಲ್ಲ.

ಊಟದ ನಾಯಕ ಒಂದು ಕಪ್ಪು ದಾಲ್. ಸಿಪ್ಪೆಯಿರುವ ಇಡೀ ಉದ್ದು, ಟೊಮ್ಯಾಟೊ, ಬೆಣ್ಣೆ, ಕೆನೆ. ತಂದೂರಿ ಒಲೆಯ ಆರುವ ಕೆಂಡದ ಮೇಲೆ ರಾತ್ರಿಯಿಡೀ ಕುದ್ದದ್ದು. ದೆಹಲಿಯ ಮೌರ್ಯ ಹೋಟೆಲಿನ 'ಬುಖಾರಾ' ಇಂಥ ದಾಲ್‌ನಿಂದಲೂ ಜಗತ್ತಿಗೆ ಹೆಸರಾದದ್ದು; ಅಲ್ಲಿ ದೊಡ್ಡ ದೊಡ್ಡವರೂ ಕತ್ತಿಗೆ ಬಟ್ಟೆ ಕಟ್ಟಿಕೊಂಡು, ಚಮಚ ಬಿಟ್ಟು ಕೈಯಲ್ಲೇ ತಿನ್ನುತ್ತಾರೆ. ಆ ದಾಲನ್ನೂ 2001ರಲ್ಲೇ ಅದೇ ಹೋಟೆಲಿನ ಐಟಿಸಿಯವರು ಡಬ್ಬಿಯಲ್ಲಿ ತುಂಬಿ ಅಂಗಡಿಗೆ ಬಿಟ್ಟಿದ್ದರು. ನಮಗೆ ಬಂದದ್ದು ಬೇರೆ ಹೋಟೆಲಿನದು, ಹೆಸರು ಬೇಡ, ದಾಲ್ ಚೆನ್ನಾಗಿಯೇ ಇತ್ತು. ಅಮ್ಮ ಒಂದು ಸೌಟು ಅಂಗೈಗೆ ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, ತೆರೆದು, "ಒಗ್ಗರಣೆ ಮರ್ತಿದಾರೆ, ಪಾಪ" ಅಂದಳು. ತಡೆಯುವಷ್ಟರಲ್ಲಿ ಸಾಸಿವೆ, ಇಂಗು, ಕರಿಬೇವು ಚಟಪಟ ಎಂದು ರಾತ್ರಿಯಿಡೀ ನಡೆದ ತಪಸ್ಸಿನ ಮೇಲೆ ಬಿದ್ದವು. ತಂಗಿ ಷಿಕಾಗೊದಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ನಿಜ ಹೇಳಬೇಕು: ಇನ್ನೂ ಚೆನ್ನಾಯಿತು.

ಬಿರಿಯಾನಿಯ ಹಂಡಿಯನ್ನು ಮಾತ್ರ ಅಮ್ಮ ಮುಟ್ಟದೆ ದೂರ ನಿಂತು ಗೌರವದಿಂದ ನೋಡಿದಳು. ಪುಟ್ಟ ಮಣ್ಣಿನ ಗಡಿಗೆ, ಬಾಯಿಗೆ ಮುಚ್ಚಳ, ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿ ಬಿಗಿದಿದ್ದರು. ಒಳಗಿನದು ತರಕಾರಿ, ಅದನ್ನು ಬಿರಿಯಾನಿ ಎನ್ನಬಹುದೇ ಎಂಬ ಜಗಳ ಇಲ್ಲಿ ಬೇಡ. ಲಖನೌದ 'ದಮ್' ಪದ್ಧತಿ ಅದು, ಹಬೆಯನ್ನು ಹೊರಗೆ ಬಿಡದೆ ಅದರಲ್ಲೇ ಅಡುಗೆಯನ್ನು ಪಾಕಕ್ಕೆ ತರುವುದು. ಆ ಪದ್ಧತಿಯನ್ನು ಸ್ಟಾರ್ ಹೋಟೆಲಿಗೆ ತಂದು ಹೆಸರಾದ ಇಮ್ತಿಯಾಜ್ ಖುರೇಷಿಯವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಮಸಾಲೆ ದೋಸೆಗೆ ಶತ್ರುವಾದ ಹಬೆ ಇಲ್ಲಿ ಬಂಧು. ಅಡುಗೆಯಾಗುವಾಗಲೇ ಕಟ್ಟಿಟ್ಟ ಪಾರ್ಸೆಲ್ ಇದು. ಬೈಕಿನ ಮೇಲೆ ಮುಕ್ಕಾಲು ಗಂಟೆ ಕೂತದ್ದು ಇದಕ್ಕೆ ಗೊತ್ತೇ ಆಗಿರಲಿಲ್ಲ. ಮಗಳು ಚಾಕುವಿನಿಂದ ಕಣಕ ಬಿಡಿಸಿ ಮುಚ್ಚಳ ಎತ್ತಿದಾಗ ಕೇಸರಿ, ಕೇವಡಾ, ಏಲಕ್ಕಿಯ ಹಬೆ ಭುಗ್ಗೆಂದು ಎದ್ದಿತು. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಪೊಟ್ಟಣ ಬಿಚ್ಚಿದ ಹಾಗಾಯ್ತು ಕಣೋ" ಅಂದಳು. ಆ ದಿನದ ಊಟಕ್ಕೆ ಅವಳು ಕೊಟ್ಟ ಒಂದೇ ಸರ್ಟಿಫಿಕೇಟು.

ತಂಗಿಗೂ ಸಮಾಧಾನವಾಯಿತು. ಅವಳು ತನ್ನ ಊರಿನ ಕತೆ ತೆಗೆದಳು. ಷಿಕಾಗೊದಲ್ಲಿ 'ಅಲೀನಿಯಾ' ಎಂಬ ಹೋಟೆಲಿದೆ, ಮಿಷೆಲಿನ್‌ನವರು ಆಗ ಮೂರು ನಕ್ಷತ್ರ ಕೊಟ್ಟಿದ್ದದ್ದು, ಒಬ್ಬರ ಊಟಕ್ಕೆ ಆಗಲೇ ಇನ್ನೂರು ಡಾಲರಿನ ಮೇಲೆ. ತಿನ್ನುವ ಬಲೂನು ಮಾಡಿಕೊಡುವಂಥ ಜಾಗ. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದ ಕೆಲವೇ ದಿನಗಳಲ್ಲಿ ಅವರೂ ಬಲೂನು ಬಿಟ್ಟು, ಹಿಟ್ಟಿನಲ್ಲಿ ಸುತ್ತಿದ ಮಾಂಸ, ಹಿಸುಕಿದ ಆಲೂಗಡ್ಡೆ, ಒಂದು ಸಿಹಿ ಡಬ್ಬಿಗೆ ತುಂಬಿ ಮೂವತ್ತೈದು ಡಾಲರಿಗೆ ಐದು ಸೆಂಟು ಕಡಿಮೆಗೆ ಕೊಟ್ಟರು. ಡೆನ್ಮಾರ್ಕಿನ ಅಂಥದೇ ಹೋಟೆಲು ನೋಮಾದವರು ಬರ್ಗರ್ ಮಾರಿದರು. ನಮ್ಮಲ್ಲೂ ಐಟಿಸಿ, ತಾಜ್ ಎಲ್ಲ ಅದೇ ವರ್ಷ ಮನೆಗೆ ಊಟ ಕಳಿಸತೊಡಗಿದವು. ಎಲ್ಲ ದೊಡ್ಡವರೂ ಒಂದೇ ವರ್ಷದಲ್ಲಿ ನಮ್ಮ ಚಾಮರಾಜಪೇಟೆಯ ತಗಡಿನ ಮೇಜಿನ ಹಿಂದೆ ಬಂದು ನಿಂತರು. ಅಮೆರಿಕದ ಚೀನೀ ಹೋಟೆಲಿನವರು ನೂಡಲ್ಸ್ ಕೊಡುವ ಆ ಮಡಿಕೆಯ ಕಾಗದದ ಡಬ್ಬಿ ಇದೆಯಲ್ಲ, ತಂತಿಯ ಹಿಡಿಕೆಯದು, ಅದೂ ಷಿಕಾಗೊದ್ದೇ. ಫ್ರೆಡರಿಕ್ ವಿಲ್ಕಾಕ್ಸ್ ಎಂಬಾತ 1894ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಒಂದೇ ಹಾಳೆಯನ್ನು ಮಡಚಿದ್ದು. ಬಿಚ್ಚಿದರೆ ತಟ್ಟೆಯೂ ಆಗುತ್ತದೆ. ಹಾಳೆಯೊಂದನ್ನು ಮಡಚಿ ಮಾಡಿದ ಪೊಟ್ಟಣಕ್ಕೂ ಪೇಟೆಂಟು ಸಿಗುತ್ತದೆ ಎಂದು ಗೊತ್ತಿದ್ದರೆ ನಮ್ಮ ಪಾರ್ಸೆಲ್ ಕಟ್ಟುವವನು ಕೋಟ್ಯಧೀಶನಾಗುತ್ತಿದ್ದ.

ಆ ಹದಿನಾರು ಕಪ್ಪು ಡಬ್ಬಿಗಳು ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿವೆ. ದಾಲ್ ಬಂದದ್ದರಲ್ಲಿ ಹುಣಸೆಹಣ್ಣು, ಪನೀರ್ ಬಂದದ್ದರಲ್ಲಿ ಒಣಮೆಣಸಿನಕಾಯಿ, ಸಿಹಿ ಬಂದದ್ದರಲ್ಲಿ ಬತ್ತಿ. ಮುಚ್ಚಳದ ಮೇಲಿನ ಚಿನ್ನದ ಲಾಂಛನ ತೊಳೆದು ತೊಳೆದು ಮಾಸಿದೆ. ಮಣ್ಣಿನ ಗಡಿಗೆಯಲ್ಲಿ ತುಳಸಿ.

ಆ ವರ್ಷ ದೀಪಾವಳಿಯ ಹೊತ್ತಿಗೆ ಹೋಟೆಲುಗಳೆಲ್ಲ ತೆರೆದಿದ್ದವು. ಒಂದು ಬೆಳಗ್ಗೆ ಅಮ್ಮನನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ, ಕಾವಲಿ ಕಾಣುವ ಮೇಜಿನಲ್ಲೇ ಕೂರಿಸಿದೆ. ಪರದೆಯಿಲ್ಲ, ಯಾರ ಕಾಲೂ ಇಲ್ಲ. ಭಟ್ಟರು ಕಾವಲಿಗೆ ನೀರು ಚಿಮುಕಿಸಿದರು, ಪೊರಕೆಯಲ್ಲಿ ಗುಡಿಸಿದರು, ಸಾಲಾಗಿ ಹಿಟ್ಟು ಹುಯ್ದರು. ಅಮ್ಮ ತಿನ್ನುವುದಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿದಳು. ದೋಸೆ ಬಂದಾಗ ಗರಿ ಮುರಿದು, ಆ ಸದ್ದಿಗೆ ನನ್ನ ಮುಖ ನೋಡಿ, "ಇದು ಬೇರೇನೇ ತಿಂಡಿ ಕಣೋ" ಅಂದಳು. ಬಿಲ್ಲು ತಂದ ಹುಡುಗನಿಗೆ, "ಒಂದು ಮಸಾಲೆ ಕಟ್ಟಿ ಕೊಡಪ್ಪ" ಎಂದಳು.

"ಯಾರಿಗಮ್ಮ? ಎಲ್ಲಾರೂ ಇಲ್ಲೇ ಇದೀವಲ್ಲ. ಮನೇಲಿ ಯಾರಿದಾರೆ?"

"ಸಾಯಂಕಾಲ ನಾನಿರ್ತೀನಲ್ಲ."

ಕಟ್ಟಿಸಿಕೊಂಡು ಬಂದೆವು. ದಾರವಿರಲಿಲ್ಲ, ಎಲೆಯ ಚೂರಿತ್ತು. ಪಾರ್ಸೆಲ್ ಚಾರ್ಜು ಹತ್ತು ರೂಪಾಯಿ.